ಮೂರನೆಯ ಬಾರಿಯ ಪರೀಕ್ಷೆ ಬೇಕಿರಲಿಲ್ಲ

(ಅಭ್ಯರ್ಥಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸ್ನಾತಕೋತ್ತರ ಕೋರ್ಸ್‌ಗಳಿಗೆ ಅರ್ಜಿ ಹಾಕುವವರಿಗೆ ಸಲಹೆ ಕೊಡುವ ಕೆಲಸ ನನ್ನದು. ಮೊದಲ ಭೇಟಿಯಲ್ಲಿ ಆ ಯುವತಿ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಜಿಮ್ಯಾಟ್ ಮೂರನೆಯ ಸಲ ಬರೆಯಲೇ?" ಜಿಮ್ಯಾಟ್ ಎಂದರೆ ಬಿಸಿನೆಸ್ ಸ್ಕೂಲ್‌ಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆ. ಎರಡನೆಯ ಸಲ ಅವರಿಗೆ 665 ಬಂದಿತ್ತು. ಗುರಿ 720. ಹಣಕಾಸು ಸ್ನಾತಕೋತ್ತರ ಪದವಿಗೆ ಅರ್ಜಿ ಸಲ್ಲಿಸಲು ಒಂಬತ್ತು ವಾರ ಉಳಿದಿತ್ತು. ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧದ ಒಂದು ಸಾಲನ್ನೂ ಬರೆದಿರಲಿಲ್ಲ.

720 ಎಲ್ಲಿಂದ ಬಂತು ಎಂದು ಕೇಳಿದೆ. ಹಿಂದಿನ ವರ್ಷಗಳಲ್ಲಿ ಪ್ರವೇಶ ಪಡೆದವರ ಸರಾಸರಿ ಅದು ಎಂದು ಓದಿದ್ದರಂತೆ. ಎಡವಿದ್ದು ಇಲ್ಲೇ. 2023ರ ಕೊನೆಯಲ್ಲಿ ಆ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಹಳೆಯ ಅಂಕಗಳು 200ರಿಂದ 800ರವರೆಗೆ ಇದ್ದು 0ಯಲ್ಲಿ ಮುಗಿಯುತ್ತಿದ್ದವು. ಹೊಸವು 205ರಿಂದ 805ರವರೆಗೆ ಇದ್ದು 5ರಲ್ಲಿ ಮುಗಿಯುತ್ತವೆ. ಅಂದರೆ ಹೊಸ ಪರೀಕ್ಷೆಯಲ್ಲಿ 720 ಎಂಬ ಅಂಕ ಯಾರಿಗೂ ಬರುವುದಿಲ್ಲ. ಹಳೆಯ 700ಕ್ಕೆ ಹೊಸದರಲ್ಲಿ ಸುಮಾರು 645 ಸಮ. ಅವರ 665 ಆಗಲೇ ಅದನ್ನು ದಾಟಿ, ಹಳೆಯ 720ರ ಆಸುಪಾಸಿಗೆ ಬಂದಿತ್ತು. ಇಲ್ಲದ ಅಂಕವೊಂದರ ಹಿಂದೆ ಬಿದ್ದು ಅವರು ಮೂರು ತಿಂಗಳು ನಿದ್ದೆಗೆಟ್ಟಿದ್ದರು ಎಂದು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಈ ವಿವರಣೆ ಕೇಳಿಯೂ ಅವರ ಮುಖ ಸಡಿಲಗೊಳ್ಳಲಿಲ್ಲ. ಚಿಂತೆ ಬೇರೆಲ್ಲೋ ಇದೆ ಎಂದು ಅನಿಸಿತು. ಪದವಿಯ ಅಂಕಪಟ್ಟಿ ತೋರಿಸಿ ಎಂದೆ. ಎರಡನೆಯ ವರ್ಷದ ಸಂಭವನೀಯತಾ ಶಾಸ್ತ್ರದಲ್ಲಿ ಕಷ್ಟಪಟ್ಟು ಪಾಸಾಗಿದ್ದರು. ಉಳಿದೆಲ್ಲ ವಿಷಯಗಳಲ್ಲೂ ಒಳ್ಳೆಯ ಅಂಕಗಳಿದ್ದವು. ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಅವರು ನನಗೆ ಹಾಳೆ ಕೊಟ್ಟರು. ಆ ಒಂದು ಅಂಕವನ್ನು ಮುಚ್ಚಿಹಾಕಲೆಂದೇ ಇನ್ನೊಂದು ಅಂಕವನ್ನು ಏರಿಸುತ್ತ ಹೋಗಿದ್ದರು. ಇಂಥದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪರೀಕ್ಷೆಗೆ ಓದುವಾಗ ಕೆಲಸ ಸಾಗುತ್ತಿದೆ ಎಂಬ ಸಮಾಧಾನವಿರುತ್ತದೆ. ಖಾಲಿ ಹಾಳೆಯ ಮುಂದೆ ಕೂತರೆ ಆ ಸಮಾಧಾನ ಇರುವುದಿಲ್ಲ.

ಮೂರನೆಯ ಪರೀಕ್ಷೆ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಆ ಸಮಯದಲ್ಲಿ ಮೌಲ್ಯಮಾಪನವಿರುವ ಸಂಖ್ಯಾಶಾಸ್ತ್ರದ ಕಿರು ಕೋರ್ಸ್ ಒಂದನ್ನು ಮುಗಿಸಿ, ಕಡಿಮೆ ಅಂಕದ ಬಗ್ಗೆ ಐಚ್ಛಿಕ ಪ್ರಬಂಧದಲ್ಲಿ, ಅಂದರೆ ಬೇಕಿದ್ದರೆ ಮಾತ್ರ ಬರೆಯುವ ಹೆಚ್ಚುವರಿ ಪ್ರಬಂಧದಲ್ಲಿ, ಮೂರು ವಾಕ್ಯ ಬರೆಯಿರಿ ಎಂದೆ. ಏನಾಯಿತು, ಆಮೇಲೆ ಏನು ಮಾಡಿದೆ, ಈಗ ಎಲ್ಲಿದ್ದೇನೆ, ಅಷ್ಟೇ. ಅಂಕಪಟ್ಟಿ ಹೇಗೂ ಕಡತದಲ್ಲಿರುತ್ತದೆ. ನಾವು ಸುಮ್ಮನಿದ್ದರೆ ಓದುವವರು ತಮ್ಮದೇ ಕಾರಣ ಊಹಿಸಿಕೊಳ್ಳುತ್ತಾರೆ.

ಅರ್ಜಿ ಹಾಕಬೇಕೆಂದಿದ್ದ ಹನ್ನೊಂದು ಕೋರ್ಸ್‌ಗಳ ಪಟ್ಟಿಯೂ ಗೋಜಲಾಗಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟೇಷನಲ್ ಫೈನಾನ್ಸ್, ಆಕ್ಸ್‌ಫರ್ಡ್‌ನ ಫೈನಾನ್ಷಿಯಲ್ ಎಕನಾಮಿಕ್ಸ್, ಲಂಡನ್ ಬಿಸಿನೆಸ್ ಸ್ಕೂಲ್‌ನ ಮಾಸ್ಟರ್ಸ್ ಇನ್ ಫೈನಾನ್ಸ್ ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಮೊದಲನೆಯದಕ್ಕೆ ಗಣಿತ ಮತ್ತು ಪ್ರೋಗ್ರಾಮಿಂಗ್ ಬುನಾದಿ ಗಟ್ಟಿಯಾಗಿರಬೇಕು. ಮೂರನೆಯದು ಹಣಕಾಸು ಕ್ಷೇತ್ರದಲ್ಲಿ ಅನುಭವವಿರುವವರಿಗಾಗಿ ಇರುವಂಥದ್ದು. ಹೊಸ ಪದವೀಧರರಿಗೆ ಅದೇ ಸಂಸ್ಥೆಯಲ್ಲಿ ಫೈನಾನ್ಷಿಯಲ್ ಅನಾಲಿಸಿಸ್ ಎಂಬ ಬೇರೆ ಕೋರ್ಸ್ ಇದೆ. ಹೆಸರಿನಲ್ಲಿ ಫೈನಾನ್ಸ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಆಗುವುದಿಲ್ಲ.

ನಿಮಗೆ ಯಾವುದು ಬೇಕು ಎಂದು ನೇರವಾಗಿ ಕೇಳಿದ್ದರೆ "ಜಾಗತಿಕ ಬಂಡವಾಳ ಮಾರುಕಟ್ಟೆಯಲ್ಲಿ ಆಸಕ್ತಿ" ಎಂಬ ಸಿದ್ಧ ಉತ್ತರ ಬರುತ್ತಿತ್ತು. ಅದಕ್ಕೇ ಬೇರೆ ರೀತಿಯಲ್ಲಿ ಕೇಳಿದೆ. "ಕೆಲಸದಲ್ಲಿ ಯಾರೂ ಹೇಳದಿದ್ದರೂ ಹೊತ್ತು ಮೀರಿ ಕೂತ ದಿನ ಯಾವುದು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು. ಹದಿನಾಲ್ಕು ತಿಂಗಳಿಂದ ಅವರು ಸಾಲ ಪರಿಶೀಲನಾ ತಂಡದಲ್ಲಿದ್ದರು. ಒಂದು ಸಂಸ್ಥೆಯ ಲಾಭ ಮೂರು ವರ್ಷ ಏರುತ್ತಲೇ ಇತ್ತು, ಕಾರ್ಯಾಚರಣೆಯ ನಗದು ಹರಿವು ಮಾತ್ರ ಋಣಾತ್ಮಕ, ಅಂದರೆ ವ್ಯವಹಾರದಲ್ಲಿ ಬಂದ ನಗದಿಗಿಂತ ಹೋದದ್ದೇ ಹೆಚ್ಚು. ಲೆಕ್ಕ ಕೆದಕಿದರೆ ಗ್ರಾಹಕರಿಂದ ಹಣ ವಸೂಲಾಗಲು 45 ದಿನ ಹಿಡಿಯುತ್ತಿದ್ದದ್ದು 110ಕ್ಕೆ ಬಂದಿತ್ತು. ಮಾರಾಟ ಪುಸ್ತಕದಲ್ಲಿತ್ತು, ಹಣ ಪೆಟ್ಟಿಗೆಗೆ ಬಂದಿರಲಿಲ್ಲ. ಇವರು ಬರೆದ ಒಂದೂವರೆ ಪುಟದ ಟಿಪ್ಪಣಿ ಓದಿ ಮೇಲಧಿಕಾರಿ ಸಾಲದ ಮೊತ್ತ ಇಳಿಸಿದರು. ಇದನ್ನು ಹೇಳುವಾಗ ಅವರ ಧ್ವನಿಯೇ ಬೇರೆಯಾಗಿತ್ತು. ಕೈ ಮೇಜಿನ ಮೇಲೆ ಕಾಣದ ಕೋಷ್ಟಕವೊಂದನ್ನು ಗೀಚುತ್ತಿತ್ತು.

"ಇದೇ ನಿಮ್ಮ ಪ್ರಬಂಧ" ಎಂದೆ. "ಇಷ್ಟು ಸಣ್ಣ ವಿಷಯವೇ?" ಎಂದು ಅಚ್ಚರಿಪಟ್ಟರು. ಸಂಸ್ಥೆಯ ಗುರುತು ಬಿಟ್ಟುಕೊಡದೆ ಬರೆಯಲು ತಿಳಿಸಿದೆ. ಗೋಪ್ಯತೆ ಕಾಯುವುದು ಈ ವೃತ್ತಿಯ ಮೊದಲ ಪಾಠ. ಜೊತೆಗೆ, ಆ ರಾತ್ರಿ ತಮಗೆ ಗೊತ್ತಾಗದೇ ಉಳಿದದ್ದು ಏನು ಎಂಬುದನ್ನೂ ಬರೆಯಲು ಹೇಳಿದೆ. ಸಾಲ ಮರುಪಾವತಿಯಾಗದ ಸಾಧ್ಯತೆಯನ್ನು ಅಳೆಯುವ ವಿಧಾನ ಅವರಿಗೆ ತಿಳಿದಿರಲಿಲ್ಲ. ಕಲಿಯಲು ಹೊರಟಿರುವುದೇ ಅದನ್ನು. ಅಲ್ಲಿಂದ ಪಟ್ಟಿ ತಾನಾಗಿಯೇ ಇಳಿಯಿತು. ಕಾರ್ಪೊರೇಟ್ ಫೈನಾನ್ಸ್ ಮತ್ತು ಸಾಲದ ಅಪಾಯವನ್ನು ಗಂಭೀರವಾಗಿ ಕಲಿಸುವ, ಅವರ ಅನುಭವಕ್ಕೆ ಹೊಂದುವ ಐದು ಕೋರ್ಸ್‌ಗಳು ಉಳಿದವು.

ಶಿಫಾರಸು ಪತ್ರದ ಬಗ್ಗೆ ನಾನು ಪಟ್ಟು ಹಿಡಿದೆ. ಅವರು ವಿಭಾಗದ ಮುಖ್ಯಸ್ಥರ ಪತ್ರ ಬಯಸಿದ್ದರು. ಆ ಹಿರಿಯರು ಇವರ ಜೊತೆ ಮಾತನಾಡಿದ್ದು ಎರಡೇ ಸಲ. ಟಿಪ್ಪಣಿ ಓದಿದ ಮೇಲಧಿಕಾರಿಯನ್ನು ಕೇಳಿ ಎಂದೆ. ಅವರೋ "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ಒಪ್ಪುವಂಥದ್ದಲ್ಲ. ಅದು ಅಪ್ರಾಮಾಣಿಕ. ಅಲ್ಲದೆ ಪ್ರಬಂಧವೂ ಪತ್ರವೂ ಒಂದೇ ಕೈಯವು ಎಂದು ಓದುವವರಿಗೆ ಗೊತ್ತಾಗುತ್ತದೆ. ಮಾಡಿದ ಕೆಲಸಗಳನ್ನು ತಾರೀಖು ಸಮೇತ ಒಂದು ಪುಟದಲ್ಲಿ ಬರೆದುಕೊಟ್ಟು, "ಇದನ್ನು ನೋಡಿ ನಿಮ್ಮ ಮಾತಿನಲ್ಲೇ ಬರೆಯಿರಿ ಸರ್" ಎಂದು ಕೇಳಲು ಸಲಹೆ ಕೊಟ್ಟೆ. ಎರಡು ವಾರದಲ್ಲಿ ಮೇಲಧಿಕಾರಿಯೇ ಕೂತು ಬರೆದರು.

ಕೊನೆಯ ಭೇಟಿಗೆ ಬಂದಾಗ ಸಂಖ್ಯಾಶಾಸ್ತ್ರದ ಕೋರ್ಸ್ ಮುಗಿದಿತ್ತು. ಕಡಿಮೆ ಅಂಕದ ಬಗ್ಗೆ ಬರೆದದ್ದನ್ನು ಓದಿ ಹೇಳಿದರು. ಮೂರಲ್ಲ, ನಾಲ್ಕು ವಾಕ್ಯಗಳಿದ್ದವು. ನಾಲ್ಕನೆಯದು ಕ್ಷಮೆ ಕೇಳುವ ವಾಕ್ಯ. ನಾನು ಬಾಯಿ ತೆರೆಯುವ ಮೊದಲೇ ಪೆನ್ನು ತೆಗೆದುಕೊಂಡು ಅದನ್ನು ತಾವೇ ಹೊಡೆದುಹಾಕಿದರು.