ಮಂಚದ ಕೆಳಗಿನ 480 ಪ್ರತಿ

ದಾವಣಗೆರೆಯಲ್ಲಿ ಕರಡು ತಿದ್ದುತ್ತ, ಪುಸ್ತಕ ಮಾರುತ್ತ 22 ವರ್ಷವಾಯಿತು. ತಮ್ಮ ಪುಸ್ತಕ ತಾವೇ ತರುವವರು ಬರೆದ ಈ ತಿಂಗಳ ಪತ್ರಗಳಲ್ಲೂ ಅವೇ ಪ್ರಶ್ನೆಗಳು. ಒಂದಕ್ಕೆ ವಿವರವಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಸ್ವಂತ ದುಡ್ಡಿನಲ್ಲಿ ಕಥಾಸಂಕಲನದ 500 ಪ್ರತಿ ಅಚ್ಚು ಹಾಕಿಸಿ ಎಂಟು ತಿಂಗಳಾಯಿತು. ನೆಂಟರಿಗೆ 20 ಕೊಟ್ಟೆ, ಉಳಿದವು ಮಂಚದ ಕೆಳಗಿವೆ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಓದಿ ನಕ್ಕರೆ? ‘ಇದು ನಿಮ್ಮನೆ ಕಥೇನಾ’ ಅಂದರೆ? ದೊಡ್ಡದಾಗಿ ಬಿಡುಗಡೆ ಸಮಾರಂಭ ಮಾಡಿದರೆ ಧೈರ್ಯ ಬಂದೀತೇ? – ಶಿಕ್ಷಕಿ, ಹರಿಹರ

ಬರುವುದಿಲ್ಲ ತಾಯಿ. ಸಮಾರಂಭದಲ್ಲಿ ಮಾತಾಡುವವರು ಅತಿಥಿಗಳು. ನಿಮ್ಮ ಕಥೆಯ ಒಂದು ಸಾಲೂ ಅಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಮೊದಲ ಪುಸ್ತಕಕ್ಕೆ ನಾನೂ ಶಾಲು, ಹಾರ, ಉಪ್ಪಿಟ್ಟು ಎಲ್ಲ ಮಾಡಿಸಿದ್ದೆ. ಬಂದವರು 80 ಜನ, ಹೋದದ್ದು 9 ಪ್ರತಿ.

ಭಯ ಬಿಟ್ಟದ್ದು ಬೇರೆ ಕಡೆ. ಆ ಪುಸ್ತಕದಲ್ಲಿ ಹತ್ತಿ ಗಿರಣಿಯ ರಾತ್ರಿ ಪಾಳಿಯ ಕಥೆಯೊಂದಿತ್ತು. ಗಿರಣಿಯಲ್ಲಿ ದುಡಿದ ಆರು ಮಂದಿ ಹಿರಿಯರು ಸಂಜೆ ಮಂಡಕ್ಕಿ ತಿನ್ನುತ್ತ ಕೂರುವ ಕಟ್ಟೆಗೆ ಹೋಗಿ, ಕೈ ನಡುಗುತ್ತಿದ್ದರೂ ಎರಡು ಪುಟ ಓದಿದೆ. ಒಬ್ಬರು ಅಲ್ಲೇ ತಡೆದರು: “ಎಲ್ಲಾ ಐತಿ, ಬೆಲ್ಲ ಎಲ್ಲೈತ್ರೀ? ಹತ್ತಿ ದೂಳು ಗಂಟಲಿಗೆ ಕುಂತ್ರೆ ನಾವು ಬೆಲ್ಲ ತಿಂತಿದ್ವಿ.” ನಾನು ಹೆದರಿದ್ದ ಟೀಕೆ ಬಂದೇ ಬಂತು. ಬಂದಾಗ ಅದರಲ್ಲಿ ನಗೆಯಿರಲಿಲ್ಲ, ಅವರ ಗಿರಣಿಯಿತ್ತು. ನಾಲ್ವರು ದುಡ್ಡು ಕೊಟ್ಟು ಪುಸ್ತಕ ಕೊಂಡರು. ಬೆಲ್ಲವನ್ನು ಎರಡನೇ ಮುದ್ರಣದಲ್ಲಿ ಸೇರಿಸಿದೆ.

ಆದ್ದರಿಂದ ‘ಜನ’ರನ್ನು ಬಿಡಿ, ಒಬ್ಬರನ್ನು ಹುಡುಕಿ. ನಿಮ್ಮ ಶಾಲೆಯಲ್ಲಿ ನಿಜಕ್ಕೂ ಓದುವ ಒಬ್ಬರಾದರೂ ಇದ್ದಾರು. ಅವರಿಗೆ ಒಂದು ಕಥೆ ಓದಿ ಹೇಳಿ. ‘ನಿಮ್ಮನೆ ಕಥೇನಾ’ ಎಂದವರಿಗೆ ‘ಕಥೆ ರೀ’ ಎಂದರೆ ಸಾಕು, ಸಮಜಾಯಿಷಿ ಬೇಡ. ಆದರೆ ಬದುಕಿರುವ ನೆಂಟರೊಬ್ಬರ ಸಂಕಟ ಗುರುತು ಸಿಗುವಂತೆ ಬಂದಿದ್ದರೆ ಮೊದಲು ಅವರಿಗೇ ಓದಿಸಿ. ಈ ವಿಷಯದಲ್ಲಿ ನನಗೆ ಅಂಜಿಕೆ ಹೆಚ್ಚು. ಒಂದು ಕಥೆಯಿಂದ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ಆಮೇಲೆ ದುಡ್ಡು ಕೇಳಿ. ಪುಕ್ಕಟೆ ಕೊಟ್ಟ ಆ 20ರಲ್ಲಿ ಎಷ್ಟು ಜನ ಓದಿದ್ದಾರೆ, ವಿಚಾರಿಸಿ ನೋಡಿ. ಹಳೆಯ ತಲೆಮಾರಿನ ಕಾದಂಬರಿಕಾರ ಗಳಗನಾಥರಂಥವರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ನಾಡಿದು, ನಾವೇಕೆ ನಾಚಬೇಕು? ಮುಖಬೆಲೆ 150 ರೂಪಾಯಿ ಇದ್ದು ಅಂಗಡಿಗೆ ಶೇ 40 ಬಿಟ್ಟರೆ ನಿಮಗೆ ಉಳಿಯುವುದು 90, ಅದೂ ಮಾರಾಟವಾದ ಮೇಲೆ. ಮೊದಲ 100 ಪ್ರತಿ ನಿಮ್ಮ ಕೈಯಿಂದಲೇ ಹೋಗಲಿ. ವಾಟ್ಸ್‌ಆ್ಯಪ್‌ನಲ್ಲಿ ಮುಖಪುಟದ ಫೋಟೊ ಹಾಕಿ ‘ಹಾರೈಸಿ’ ಎಂದು ಬರೆಯಬೇಡಿ, ಬರೀ ಹಾರೈಕೆಯೇ ಬರುತ್ತದೆ. ಕಥೆಯ ಒಂದು ಗಟ್ಟಿ ಭಾಗವನ್ನು ನಿಮ್ಮ ದನಿಯಲ್ಲೇ ಓದಿ ಎರಡು ನಿಮಿಷದ ಆಡಿಯೊ ಕಳಿಸಿ. ಕೆಳಗೆ ಬೆಲೆಯೂ ಫೋನ್‌ಪೇ ನಂಬರೂ ಇರಲಿ. ಹೊಳೆದಂಡೆಯ ಕಥೆಯಿದ್ದರೆ ತುಂಗಭದ್ರೆಯ ದಂಡೆಯವರಿಗೇ ಮೊದಲು ಓದಿ.

ಪ್ರಶ್ನೆ: ಐಎಸ್‌ಬಿಎನ್ ಇಲ್ಲದಿದ್ದರೆ ನನ್ನ ಕವಿತೆ ಕದಿಯುತ್ತಾರಂತೆ, ಹೌದೇ? – ಜಗಳೂರು

ಅದು ಪುಸ್ತಕದ ಗುರುತಿನ 13 ಅಂಕಿ ಮಾತ್ರ. ದೆಹಲಿಯ ರಾಜಾರಾಮ್ ಮೋಹನ್ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಕೃತಿಸ್ವಾಮ್ಯ ನೀವು ಬರೆದಾಗಲೇ ಹುಟ್ಟಿದೆ, ನಿಮ್ಮ ನಂತರವೂ 60 ವರ್ಷ ಇರುತ್ತದೆ.

ಪ್ರಶ್ನೆ: 25,000 ರೂಪಾಯಿ ಕೊಟ್ಟರೆ ‘ಬೆಸ್ಟ್ ಸೆಲ್ಲರ್’ ಮಾಡಿಸುತ್ತೇವೆ, ಜೊತೆಗೊಂದು ಪ್ರಶಸ್ತಿ ಎನ್ನುತ್ತಿದ್ದಾರೆ. ಕೊಡಲೇ? – ಚಿತ್ರದುರ್ಗ

ಒಂದು ರೂಪಾಯಿಯನ್ನೂ ಕೊಡಬೇಡಿ. ಆನ್‌ಲೈನ್ ಅಂಗಡಿಯ ಸಣ್ಣ ವಿಭಾಗವೊಂದರಲ್ಲಿ ಒಂದೇ ದಿನ ಕೆಲವು ಪ್ರತಿ ಕೊಳ್ಳಿಸಿದರೆ ಆ ಹಣೆಪಟ್ಟಿ ಸಿಗುತ್ತದೆ, ಮರುದಿನ ಹೋಗುತ್ತದೆ. ಬರೆಯುವವರ ಆಸೆಯನ್ನು ಹಿಂಡಿ ಬದುಕುವ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದುಡ್ಡು ಕೇಳಿ ಕೊಡುವ ಪ್ರಶಸ್ತಿ ವ್ಯಾಪಾರ.

ಪ್ರಶ್ನೆ: ಗ್ರಂಥಾಲಯ ಇಲಾಖೆ ಕೊಳ್ಳುತ್ತದಲ್ಲ, 1000 ಪ್ರತಿ ಹಾಕಿಸಲೇ? – ಚಳ್ಳಕೆರೆ

ಆಯ್ಕೆ ಸಮಿತಿ ಒಪ್ಪಬೇಕು, ಆಮೇಲೂ ಕಾಯಬೇಕು. ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ಹಾಕಿಸಿ, ಅವು ಮುಗಿದ ದಿನ ನನಗೆ ಮತ್ತೆ ಪತ್ರ ಬರೆಯಿರಿ.