‘ಆಟ ತಾನೇ’ ಅಂದುಬಿಟ್ಟೆಯಾ?

ಲೆಸ್ಟರ್, ಇಂಗ್ಲೆಂಡ್
ಮೇ 31, 2025

ತಮ್ಮಾ,

ನೈಟ್ ಡ್ಯೂಟಿ ಮುಗಿಸಿ ಬಂದು ಕಾಫಿ ಕುಡಿಯುತ್ತಾ ನಿನ್ನ ಮೆಸೇಜು ಓದಿದೆ. ನಗು ಬಂತು. ನಿನ್ನನ್ನು ನೋಡಿ ಅಲ್ಲ, ನನ್ನದೇ ಹಳೇ ಕತೆ ನೆನಪಾಗಿ. ಜನವರಿಯಲ್ಲಿ ಲೆಸ್ಟರಿಗೆ ಬಂದ ನಿನಗೆ ಚಳಿ, ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ ಎಲ್ಲಾ ಅಭ್ಯಾಸವಾಗಿದೆ, ಈ ಮೇ ತಿಂಗಳು ಮಾತ್ರ ತಲೆಗೆ ಹತ್ತುತ್ತಿಲ್ಲ ಅಂತ ಬರೆದಿದ್ದೀಯ. 19ನೇ ತಾರೀಕು ಸೋಮವಾರ ನಿಮ್ಮ ಟೀಮ್ ಲೀಡ್ ಹಿಂದಿನ ದಿನದ ಲೆಸ್ಟರ್ ಸಿಟಿ ಫುಟ್‌ಬಾಲ್ ಮ್ಯಾಚಿನ ಸುದ್ದಿ ಹೇಳುತ್ತಾ ಕಣ್ಣೊರೆಸಿಕೊಂಡರು. ಐವತ್ತು ದಾಟಿದ ಮನುಷ್ಯ. ನೀನು ಸಮಾಧಾನ ಮಾಡೋಕೆ ಹೋಗಿ, "ಬಿಡಿ, ಆಟ ತಾನೇ, ಮುಂದಿನ ವರ್ಷ ನೋಡಿಕೊಂಡರಾಯಿತು" ಅಂದೆ. ಅವತ್ತಿನಿಂದ ಆಫೀಸಿನಲ್ಲಿ ಯಾರೂ ಮೊದಲಿನ ಹಾಗಿಲ್ಲ. "ಅಕ್ಕಾ, ಈ ದೇಶದಲ್ಲಿ ಬದುಕೋಕೆ ಫುಟ್‌ಬಾಲ್ ಕಲೀಲೇಬೇಕಾ?" ಅಂತ ಕೇಳಿದ್ದೀಯ.

ಬೇಕಿಲ್ಲ. ಆಫ್‌ಸೈಡ್ ಅಂದರೇನು ಅಂತ ಹದಿನಾಲ್ಕು ವರ್ಷವಾದರೂ ನನಗೇ ನೆಟ್ಟಗೆ ಗೊತ್ತಿಲ್ಲ. ಆದರೆ ಮೇ ತಿಂಗಳಲ್ಲಿ ಯಾರ ಹತ್ತಿರ ಏನು ಮಾತಾಡಬಾರದು ಅನ್ನೋದು ಗೊತ್ತಿರಬೇಕು.

ನಾನು ಶಿವಮೊಗ್ಗದಿಂದ ಇಲ್ಲಿಗೆ ಬಂದಿದ್ದು 2011ರಲ್ಲಿ. ಆಗ ಊರಿನ ತಂಡ ಲೆಸ್ಟರ್ ಸಿಟಿ ಎರಡನೇ ದರ್ಜೆಯ ಲೀಗಿನಲ್ಲಿತ್ತು. ಅದರ ಹೆಸರು ಚಾಂಪಿಯನ್‌ಶಿಪ್. (ಎರಡನೇ ದರ್ಜೆಗೆ ಹೀಗೆ ಹೆಸರಿಡೋದು ಇವರಿಗೇ ಸಾಧ್ಯ.) 2013ರ ಮೇ 12, ಭಾನುವಾರ. ಮೇಲಿನ ಲೀಗಿಗೆ ಏರಲು ವಾಟ್‌ಫರ್ಡ್ ಮೇಲೆ ಪ್ಲೇ-ಆಫ್ ಸೆಮಿಫೈನಲ್. ಕೊನೇ ಗಳಿಗೆಯಲ್ಲಿ ಲೆಸ್ಟರಿಗೆ ಪೆನಾಲ್ಟಿ ಸಿಕ್ಕಿತು. ಗೋಲಾದರೆ ಫೈನಲ್. ಗೋಲ್‌ಕೀಪರ್ ತಡೆದ. ಪುಟಿದು ಬಂದ ಚೆಂಡನ್ನು ಮತ್ತೆ ಹೊಡೆದರು, ಅದನ್ನೂ ತಡೆದ. ಜನ ತಲೆ ಮೇಲೆ ಕೈ ಹೊತ್ತು ಇಳಿಸುವಷ್ಟರಲ್ಲಿ ಚೆಂಡು ಆ ತುದಿಗೆ ಹೋಗಿ, ವಾಟ್‌ಫರ್ಡಿನ ಟ್ರಾಯ್ ಡೀನಿ ಗೋಲು ಹೊಡೆದೇಬಿಟ್ಟ. ಲೆಸ್ಟರ್ ಕತೆ ಅಲ್ಲಿಗೆ ಮುಗಿಯಿತು.

ಮಾರನೇ ದಿನ ವಾರ್ಡಿನ ಟಿವಿಯಲ್ಲಿ ಅದನ್ನೇ ಹಿಂದೆ ಮುಂದೆ ತೋರಿಸುತ್ತಿದ್ದರು. ನನಗೆ ಸಿನಿಮಾ ಕ್ಲೈಮ್ಯಾಕ್ಸ್ ನೋಡಿದ ಹಾಗೆ ಮಜಾ ಅನಿಸಿತು. ಎದುರುಗಡೆ ನನ್ನ ಜೊತೆ ಬೆಡ್‌ಶೀಟು ಹಾಸುತ್ತಿದ್ದ ಅಸಿಸ್ಟೆಂಟ್ ಹುಡುಗಿಗೆ, "ಎಂಥಾ ಗೋಲು ಅಲ್ವಾ!" ಅಂದೆ. ಅವಳು ಏನೂ ಹೇಳಲಿಲ್ಲ. ಬೆಡ್‌ಶೀಟಿನ ಮೂಲೆಯನ್ನು ಹಾಸಿಗೆ ಕೆಳಗೆ ತುರುಕಿದಳು. ಹೊರಗೆ ಎಳೆದು ಮತ್ತೆ ತುರುಕಿದಳು. ಆಮೇಲೆ ಮಧ್ಯಾಹ್ನದ ತನಕ "ಪ್ಲೀಸ್", "ಥ್ಯಾಂಕ್ಯೂ" ಬಿಟ್ಟರೆ ಬೇರೆ ಮಾತಿಲ್ಲ. ಇಲ್ಲಿಯವರಿಗೆ ಬೇಜಾರಾದರೆ ಕೂಗಾಡುವುದಿಲ್ಲ, ಮರ್ಯಾದೆ ಜಾಸ್ತಿ ಕೊಡುತ್ತಾರೆ. ಈಗ ನಿನಗೆ ಆಗಿರೋದೂ ಅದೇ.

ನಮಗೆ ಇದು ಅರ್ಥವಾಗದಿರೋಕೆ ಒಂದು ಕಾರಣ ಇದೆ. ನಾವು ಐಪಿಎಲ್ ನೋಡಿದವರು. 2017ರಲ್ಲಿ ಆರ್‌ಸಿಬಿ ಕಟ್ಟಕಡೆಗೆ ಬಂತು. ಏನಾಯಿತು? ಮುಂದಿನ ವರ್ಷ ಅದೇ ಚಿನ್ನಸ್ವಾಮಿ, ಅದೇ ಲೀಗು, ಅದೇ ‘ಈ ಸಲ ಕಪ್ ನಮ್ದೇ’. ಇಲ್ಲಿ ಹಾಗಲ್ಲ. ಎಲ್ಲಕ್ಕೂ ಮೇಲಿನ ಪ್ರೀಮಿಯರ್ ಲೀಗಿನ 20 ತಂಡಗಳು ತಲಾ 38 ಮ್ಯಾಚು ಆಡುತ್ತವೆ, ಕೊನೆಯ ಮೂರು ತಂಡ ಕೆಳಗಿನ ಲೀಗಿಗೆ ಬೀಳುತ್ತವೆ. ಈ ಸಲ ಬಿದ್ದ ಮೂರೂ ಹೋದ ವರ್ಷವಷ್ಟೇ ಮೇಲೆ ಬಂದವು: ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್. ಸೌತಾಂಪ್ಟನ್ನಿನದು ಇನ್ನೂ 7 ಮ್ಯಾಚು ಬಾಕಿ ಇರುವಾಗಲೇ ಮುಗಿದಿತ್ತು. ಇಡೀ ಸೀಸನ್ನಿಗೆ 12 ಪಾಯಿಂಟು!

ಮೇಲಿನ ಲೀಗಿನಲ್ಲಿ ಕೊನೇ ಸ್ಥಾನದವರಿಗೂ ಲೀಗಿನಿಂದ 10 ಕೋಟಿ ಪೌಂಡಿಗಿಂತ ಜಾಸ್ತಿ ಹಣ ಬರುತ್ತದೆ. ಕೆಳಗಿಳಿದರೆ ಅದರಲ್ಲಿ ದೊಡ್ಡ ಪಾಲು ಹೋಯಿತು. ಒಳ್ಳೇ ಆಟಗಾರರನ್ನು ಮಾರುತ್ತಾರೆ. ಆಟಗಾರರಿಗೆ ಇನ್ನೊಂದು ಊರಿನಲ್ಲಿ ಕೆಲಸ ಸಿಗುತ್ತೆ. ಟಿಕೆಟ್ ಕೌಂಟರಿನವರಿಗೆ, ಕ್ಯಾಂಟೀನಿನವರಿಗೆ ಎಲ್ಲಿ ಸಿಗಬೇಕು? ಹೆದ್ದಾರಿಯಲ್ಲಿ ಲಂಡನ್ ಕಡೆ ಹೋದರೆ ಲೂಟನ್ ಸಿಗುತ್ತದೆ. ಹೋದ ವರ್ಷದ ಮೇ ತನಕ ಅವರೂ ಪ್ರೀಮಿಯರ್ ಲೀಗಿನಲ್ಲಿದ್ದರು. ಈ ಮೇ ತಿಂಗಳಲ್ಲಿ ಎರಡನೆಯದರಿಂದ ಮೂರನೆಯದಕ್ಕೆ ಜಾರಿದರು. ನೀನು "ಮುಂದಿನ ವರ್ಷ" ಅಂದೆಯಲ್ಲ, ಇವರಿಗೆ ಭಯ ಇರೋದೇ ಆ ಮುಂದಿನ ವರ್ಷದ್ದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಗುಜರಾತಿ ಕಾಕಾ ಇದ್ದಾರೆ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಭಾರತೀಯರನ್ನು ಓಡಿಸಿದಾಗ ಒಂದು ಸೂಟ್‌ಕೇಸು ಹಿಡಿದುಕೊಂಡು ಬಂದವರು. ಆಗ ಲೆಸ್ಟರ್ ಕೌನ್ಸಿಲ್‌ನವರು ಉಗಾಂಡಾದ ಪೇಪರಿನಲ್ಲಿ ಜಾಹೀರಾತು ಹಾಕಿಸಿದ್ದರು: ಇಲ್ಲಿಗೆ ಬರಬೇಡಿ, ಜಾಗ ಇಲ್ಲ ಅಂತ. "ಆ ಜಾಹೀರಾತು ನೋಡಿಯೇ ಲೆಸ್ಟರ್ ಅನ್ನೋ ಊರಿದೆ ಅಂತ ನನಗೆ ಗೊತ್ತಾಗಿದ್ದು" ಅಂತ ಕಾಕಾ ನಗುತ್ತಾರೆ. ಬಂದು ಬನಿಯನ್ ಹೆಣೆಯುವ ಕಾರ್ಖಾನೆ ಸೇರಿದರು. ಹಳೇ ಸ್ಟೇಡಿಯಂ ಫಿಲ್ಬರ್ಟ್ ಸ್ಟ್ರೀಟಿನಲ್ಲಿತ್ತು. ಶನಿವಾರ ಮಧ್ಯಾಹ್ನ ಆ ಕಡೆ ಕಾಲಿಡೋಕೆ ಹೆದರುತ್ತಿದ್ದರಂತೆ. ಮ್ಯಾಚು ಬಿಟ್ಟ ಮೇಲೆ ನಮ್ಮಂಥ ಮುಖ ಕಂಡರೆ ಏನು ಮಾಡುತ್ತಾರೋ ಅಂತ. ಇಲ್ಲೇ ಹುಟ್ಟಿದ ಮಗ ಹಟ ಹಿಡಿದು ಒಂದು ದಿನ ಕರೆದುಕೊಂಡು ಹೋದ. ಈಗ ಹೊಸ ಸ್ಟೇಡಿಯಂನಲ್ಲಿ ಅಪ್ಪ-ಮಗ ಇಬ್ಬರಿಗೂ ಸೀಸನ್ ಟಿಕೆಟ್ ಇದೆ, ಒಂದೇ ಸಾಲಿನಲ್ಲಿ.

ಏಪ್ರಿಲ್ 20, ಈಸ್ಟರ್ ಭಾನುವಾರ, ಲಿವರ್‌ಪೂಲ್ ಕೈಲಿ 1-0 ಸೋತು ಲೆಸ್ಟರ್ ಕೆಳಗೆ ಬಿದ್ದಿದ್ದು ಖಾತ್ರಿಯಾಯಿತು. ತವರಿನಲ್ಲಿ ಸತತ 9 ಸೋಲು, ಒಂದೂ ಗೋಲಿಲ್ಲ. ಇಂಗ್ಲಿಷ್ ಲೀಗಿನ ಇತಿಹಾಸದಲ್ಲೇ ಯಾವ ತಂಡಕ್ಕೂ ಹೀಗಾಗಿರಲಿಲ್ಲ. ಅವತ್ತು ಸಂಜೆ ಕಾಕಾ ಬಂದು ಹಿತ್ತಲಿನ ಬೇಲಿ ಹತ್ತಿರ ನಿಂತು ಆಡಳಿತ ಮಂಡಳಿಯವರಿಗೆ ಗುಜರಾತಿಯಲ್ಲಿ ಮಂಗಳಾರತಿ ಮಾಡಿದರು. ಇಷ್ಟೆಲ್ಲಾ ಆದ ಮೇಲೂ ಟಿಕೆಟ್ ರಿನ್ಯೂ ಮಾಡುತ್ತೀರಾ ಅಂತ ಕೇಳಿದೆ. ನನ್ನನ್ನು ಪೆದ್ದಿಯ ಥರ ನೋಡಿದರು. "ಟಿಕೆಟ್ ತಗೊಂಡು ಬೈದರೆ ಹಕ್ಕು ಬೇಟಾ, ಮನೇಲಿ ಕೂತು ಬೈದರೆ ಚಾಡಿ."

ಇದೇ ಕಾಕಾ 2016ರ ಮೇ 2ರಂದು ರಾತ್ರಿ ಹತ್ತು ಗಂಟೆಗೆ ನಮ್ಮ ಬಾಗಿಲು ಬಡಿದಿದ್ದರು. ಮೈಮೇಲೆ ಬನಿಯನ್ನು, ಕೈಯಲ್ಲಿ ಪೇಡಾ ಡಬ್ಬಿ. ಅವತ್ತು ಲೆಸ್ಟರ್ ಆಡಿಯೇ ಇರಲಿಲ್ಲ. ಲಂಡನ್ನಿನಲ್ಲಿ ಚೆಲ್ಸಿ ಎದುರು ಟಾಟನ್‌ಹ್ಯಾಮ್ 2-2 ಡ್ರಾ ಮಾಡಿಕೊಂಡಿತು, ಇಲ್ಲಿ ಲೆಸ್ಟರ್ ದೇಶಕ್ಕೇ ಚಾಂಪಿಯನ್ ಆಯಿತು. ಸೀಸನ್ ಶುರುವಿನಲ್ಲಿ ಬೆಟ್ಟಿಂಗ್ ಅಂಗಡಿಗಳು ಒಂದಕ್ಕೆ 5000 ಕೊಡುತ್ತೇವೆ ಅಂದಿದ್ದ ತಂಡ ಅದು. ಪೇಡಾವನ್ನು ಕಾಕಾ ಬೆಳಿಗ್ಗೆಯೇ ಬೆಲ್‌ಗ್ರೇವ್ ರೋಡಿನಿಂದ ತಂದು, ದೃಷ್ಟಿ ಆಗಬಾರದು ಅಂತ ವಾಷಿಂಗ್ ಮೆಷೀನಿನ ಹಿಂದೆ ಇಟ್ಟಿದ್ದರಂತೆ. ಸ್ವಲ್ಪ ಸೋಪಿನ ವಾಸನೆ ಬರುತ್ತಿತ್ತು. ತಿಂದೆವು. ಎರಡು ವಾರ ಕಳೆದು ಮೆರವಣಿಗೆ ಆಯಿತು. ಸುಮಾರು 2.4 ಲಕ್ಷ ಜನ. ಲಂಡನ್ ರೋಡಿನಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮವರೂ ನಿಂತಿದ್ದರು. ಗೆದ್ದಿದ್ದು ಹೇಗೆ ಅಂತ ಕೇಳಿದರೆ ಇಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಕೋಚ್ ರಾನಿಯೇರಿ ಅನ್ನುವವರಿದ್ದಾರೆ. ಥಾಯ್ ಮಾಲೀಕರು ಕರೆಸಿದ ಬೌದ್ಧ ಭಿಕ್ಷುಗಳ ಆಶೀರ್ವಾದ ಅನ್ನುವವರಿದ್ದಾರೆ. ಕಾರ್ ಪಾರ್ಕಿನಡಿ ಸಿಕ್ಕ ಮೂರನೇ ರಿಚರ್ಡ್ ರಾಜನ ಮೂಳೆಗಳನ್ನು 2015ರಲ್ಲಿ ಚರ್ಚಿನಲ್ಲಿ ಸಂಸ್ಕಾರ ಮಾಡಿ ಹೂತರಲ್ಲ, ಆಮೇಲೇ ಊರಿಗೆ ಅದೃಷ್ಟ ತಿರುಗಿದ್ದು ಅಂತ ನನ್ನ ಪೇಷಂಟೊಬ್ಬರು ವಾದಿಸುತ್ತಿದ್ದರು. ನಮ್ಮೂರಿನ ಕಡೆಯವರೇ ಇರಬೇಕು ಅನಿಸಿತು.

ಈಗ ನಿಮ್ಮ ಟೀಮ್ ಲೀಡಿನ ಕಣ್ಣೀರಿಗೆ ಬರುತ್ತೇನೆ. ಲೆಸ್ಟರಿಗೆ ಗೋಲು ಹೊಡೆಯುತ್ತಿದ್ದ ಜೇಮಿ ವಾರ್ಡಿ ಹಿಂದೊಮ್ಮೆ ಕಾರ್ಖಾನೆಯಲ್ಲಿ, ಮುರಿದ ಕೈಕಾಲಿಗೆ ಕಟ್ಟುವ ಪಟ್ಟಿ ತಯಾರಿಸುತ್ತಿದ್ದ ಹುಡುಗ. 2012ರಲ್ಲಿ ಫ್ಲೀಟ್‌ವುಡ್ ಅನ್ನೋ ಸಣ್ಣ ಊರಿನ ತಂಡದಿಂದ ಬಂದ. ಮೇ 18ಕ್ಕೆ ಲೆಸ್ಟರ್ ಪರ ಅವನ 500ನೇ ಮ್ಯಾಚು, ಅದೇ ಕೊನೆಯದು. ಅದರಲ್ಲೇ 200ನೇ ಗೋಲು. ತಂಡ ಬಿದ್ದು ನಾಲ್ಕು ವಾರವಾಗಿತ್ತು, ಗೆದ್ದರೂ ಸೋತರೂ ಒಂದೇ. ಆದರೂ ಜನ ಎದ್ದು ನಿಂತು ಅವನನ್ನು ಕಳಿಸಿಕೊಟ್ಟರು. ಹದಿಮೂರು ವರ್ಷ ತಮ್ಮಾ. ನಿಮ್ಮ ಟೀಮ್ ಲೀಡ್ ಸ್ಟೇಡಿಯಂನಲ್ಲಿ ಕೂತು ಅವನ ಆಟ ನೋಡೋಕೆ ಶುರು ಮಾಡಿದಾಗ ಪಕ್ಕದ ಸೀಟಿನಲ್ಲಿ ಯಾರಿದ್ದರು, ಈಗ ಯಾರಿದ್ದಾರೆ, ನಿನಗೆ ಗೊತ್ತಾ?

ನನಗೆ ಇದು ಹೊಳೆದಿದ್ದು 2023ರಲ್ಲಿ. ಮೇ 28, ಸೀಸನ್ನಿನ ಕೊನೇ ಭಾನುವಾರ. ಅವತ್ತು ಎಲ್ಲಾ ಮ್ಯಾಚುಗಳೂ ಒಂದೇ ಹೊತ್ತಿಗೆ ಶುರು, ಯಾರೂ ಇನ್ನೊಬ್ಬರ ಫಲಿತಾಂಶ ನೋಡಿಕೊಂಡು ಆಡಬಾರದು ಅಂತ. ಪ್ರೀಮಿಯರ್ ಲೀಗಿನಲ್ಲಿ ಉಳಿಯೋಕೆ ಲೆಸ್ಟರ್ ಗೆಲ್ಲಬೇಕು, ಎವರ್ಟನ್ ಗೆಲ್ಲಬಾರದು. ನನ್ನ ವಾರ್ಡಿನ ಒಬ್ಬ ಅಜ್ಜ ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಮಲಗಿದ್ದರು. ಮಾತ್ರೆ ಕೊಡೋಕೆ ಹೋದರೆ ಬೆರಳೆತ್ತಿ ತಡೆದರು. ಲೆಸ್ಟರ್ 2-1 ಗೆದ್ದಿತು. ಎವರ್ಟನ್ನೂ 1-0 ಗೆದ್ದಿತು. ಅಜ್ಜ ಕಿವಿಯಿಂದ ವೈರ್ ತೆಗೆದು, ಬೆರಳಿಗೆ ಸುತ್ತಿ ಸುತ್ತಿ ಸಣ್ಣ ಸಿಂಬೆ ಮಾಡಿ ಡ್ರಾಯರಿನಲ್ಲಿ ಇಟ್ಟರು. "ಟೀ ಸಿಗುತ್ತಾ?" ಅಂದರು. ಟೀ ತಂದುಕೊಟ್ಟೆ. 1969ರಲ್ಲಿ ಅವರ ಅಪ್ಪ ಅವರನ್ನು ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಲೆಸ್ಟರಿನ ಎಫ್‌ಎ ಕಪ್ ಫೈನಲ್ ನೋಡೋಕೆ ಕರೆದುಕೊಂಡು ಹೋಗಿದ್ದರಂತೆ. ಅದನ್ನೂ ಸೋತರು, ಅದೇ ವರ್ಷ ಲೀಗಿನಿಂದಲೂ ಬಿದ್ದರು. ವಾಪಸ್ ಬರುವಾಗ ಅಪ್ಪ ಒಂದು ಮಾತೂ ಆಡದೆ ಚಿಪ್ಸ್ ಕೊಡಿಸಿದ್ದು, ಅದಕ್ಕೆ ವಿನೆಗರ್ ಜಾಸ್ತಿಯಾಗಿದ್ದು, ಎಲ್ಲಾ ಹೇಳಿದರು. ಆಟದ ಬಗ್ಗೆ ಒಂದೇ ವಾಕ್ಯ, ಅಪ್ಪನ ಬಗ್ಗೆ ಅರ್ಧ ಗಂಟೆ.

ಹಾಗಾಗಿ ಸೋಮವಾರ ಹೋದವನು ಸಾರಿ-ಗೀರಿ ಅನ್ನಬೇಡ. ಟೀ ಮಾಡುವಾಗ ಅವರಿಗೂ ಒಂದು ಕಪ್ಪು ಮಾಡು. "18ಕ್ಕೆ ನೀವು ಅಲ್ಲೇ ಇದ್ದಿರಾ?" ಅಂತ ಕೇಳು. ಕೇಳಿ ಸುಮ್ನೆ ಕೂತುಕೋ.

ಇನ್ನೊಂದು ವಿಷಯ. ಸೇರಿದ ವಾರವೇ "ನಾನು ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್" ಅಂದಾಗ, "ಮ್ಯಾಂಚೆಸ್ಟರ್ ನೋಡಿದ್ದೀಯಾ?" ಅಂತ ಕೇಳಿ ನಕ್ಕರು ಅಂತಲೂ ಬರೆದಿದ್ದೀಯ. ಅದು ತಮಾಷೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಗೆಲ್ಲೋ ತಂಡವನ್ನು ಟಿವಿಯಲ್ಲಿ ನೋಡಿ ಆರಿಸಿಕೊಂಡವರನ್ನು ಇವರು ಎಲ್ಲಾ ಕಾಲಕ್ಕೂ ಹೀಗೇ ಕಾಡಿಸುತ್ತಾರೆ. ಪಾಪ, ನಿನಗೆ ಗೆಲುವೂ ದಕ್ಕಲಿಲ್ಲ. ಯುನೈಟೆಡ್ 15ನೇ ಸ್ಥಾನ. ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಅನ್ನೋ ಯುರೋಪಿನ ಟೂರ್ನಿಯ ಫೈನಲ್ ಸೋತಿದ್ದು 17ನೇ ಸ್ಥಾನದ ಟಾಟನ್‌ಹ್ಯಾಮ್ ಕೈಲಿ! ಟಾಟನ್‌ಹ್ಯಾಮಿನವರ ಪಾಡು ಇನ್ನೂ ವಿಚಿತ್ರ. ಲೀಗಿನಲ್ಲಿ 38ಕ್ಕೆ 22 ಸೋಲು, ಆದರೆ 17 ವರ್ಷದ ಮೇಲೆ ಒಂದು ಕಪ್ಪು. ಅಳಬೇಕೋ ಕುಣಿಯಬೇಕೋ ತಿಳಿಯದೆ, ಕೋಚನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಅಂತ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ. ಸಂಡರ್‌ಲ್ಯಾಂಡಿನವರು ಮಾತ್ರ ನೆಲದ ಮೇಲಿಲ್ಲ. ವೆಂಬ್ಲಿಯಲ್ಲಿ 95ನೇ ನಿಮಿಷದ ಗೋಲಿನಿಂದ ಮೇಲೆ ಬಂದರು, ಅದೂ ಆಗಲೇ ಬೇರೆ ತಂಡಕ್ಕೆ ಮಾರಾಟವಾಗಿದ್ದ ಹುಡುಗನ ಗೋಲು.

ಈ ಸಲ ಲೀಗ್ ಗೆದ್ದ ಲಿವರ್‌ಪೂಲಿನ ಮೆರವಣಿಗೆಯಲ್ಲಿ ಕಾರು ಜನರ ಮೇಲೆ ನುಗ್ಗಿದ್ದನ್ನು ಟಿವಿಯಲ್ಲಿ ನೋಡಿ ಅಮ್ಮ ಗಾಬರಿಯಾಗಿದ್ದಾರೆ ಅಂದೆಯಲ್ಲ. ಲಿವರ್‌ಪೂಲ್ ಇಲ್ಲಿಂದ ನೂರು ಮೈಲಿ ದೂರ ಅಂತ ಹೇಳು. ಮಗ ಆ ದಿನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಂತಲೂ ಹೇಳು.

ಆಗಸ್ಟಿನಲ್ಲಿ ಕಾಕಾನ ಮಗನಿಗೆ ಬಿಡುವಿಲ್ಲದ ಶನಿವಾರ ಆ ಸೀಟು ನಿನಗೆ ಕೊಡಿಸೋಕೆ ಆಗುತ್ತಾ ನೋಡುತ್ತೇನೆ. ಹೋಗಿ ನೋಡದಿದ್ದರೆ ಬೇರೆ ದಾರಿಯೂ ಇಲ್ಲ. ಶನಿವಾರ ಮೂರು ಗಂಟೆಯ ಮ್ಯಾಚುಗಳನ್ನು ಈ ದೇಶದ ಟಿವಿಯಲ್ಲಿ ಲೈವ್ ತೋರಿಸುವ ಹಾಗಿಲ್ಲ, ಜನ ಸ್ಟೇಡಿಯಂಗೆ ಬರಲಿ ಅಂತ. ಬೆಂಗಳೂರಿನಲ್ಲಿ ಸೋಫಾ ಮೇಲೆ ಕೂತು ನೋಡುತ್ತಿದ್ದ ಆಟ ಇಲ್ಲಿ ಸಿಗೋದಿಲ್ಲ. ಇದೊಳ್ಳೇ ಕತೆ, ಅಲ್ವಾ?

ಬೆಡ್‌ಶೀಟಿನ ಹುಡುಗಿಯ ಕತೆ ಪೂರ್ತಿ ಹೇಳಲಿಲ್ಲ. ಲೆಸ್ಟರ್ ಗೆದ್ದ ಅದೇ 2016ರ ಮೇ ತಿಂಗಳ 29ಕ್ಕೆ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ 8 ರನ್ನಿನಿಂದ ಫೈನಲ್ ಸೋತಿತು. ಮಾರನೇ ದಿನ ನಾನು ಯಾರಿಗೂ ಏನೂ ಹೇಳಿರಲಿಲ್ಲ. ಅವಳು ಫೋನಿನಲ್ಲಿ ಸ್ಕೋರು ನೋಡಿದ್ದಳು ಅಂತ ಕಾಣುತ್ತೆ. ಒಂದು ಕಪ್ಪು ಟೀ ತಂದು ನನ್ನ ಮುಂದೆ ಇಟ್ಟು, "ನಿದ್ದೆ ಬಂತಾ?" ಅಂತ ಮಾತ್ರ ಕೇಳಿದಳು.

ಮಂಗಳವಾರ ಮತ್ತೆ ಫೈನಲ್. ಇಲ್ಲಿ ಮಧ್ಯಾಹ್ನ 3ಕ್ಕೆ ಶುರು. ಅರ್ಧ ದಿನ ರಜೆ ಹಾಕಿ ಮನೆಗೆ ಬಾ. ಮಂಡಕ್ಕಿ ಒಗ್ಗರಣೆ ಮಾಡಿರುತ್ತೇನೆ. ಕಾಕಾನೂ ಬರುತ್ತಾರೆ. ಅವರದು ಗುಜರಾತ್ ಟೈಟನ್ಸ್, ನಿನ್ನೆಯಷ್ಟೇ ಮುಂಬೈ ಕೈಲಿ ಸೋತು ಹೊರಬಿದ್ದರು. ಅವರೆದುರು ಆ ಮಾತು ಎತ್ತಬೇಡ.