ಓದುಗರ ಪ್ರಶ್ನೆ: ಹಾಡು ಮುಗಿದ ಮೇಲೂ ಗಿಟಾರ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕಾಂಗೋದ ‘ಮಾರಿಯೊ’ ಎಂಬ ಹಾಡು ಕೇಳಿದೆ. ಹಾಡಿದವರು ಫ್ರಾಂಕೊ ಮತ್ತು ಟಿಪಿ ಓಕೆ ಜಾಝ್ ಎಂದಿತ್ತು. ಸುಮಾರು 14 ನಿಮಿಷ ಇದೆ. ಮೊದಲು ಹಾಡು, ಮಾತು. ಆಮೇಲೆ ಗಿಟಾರ್‌ಗಳದ್ದೇ ರಾಜ್ಯ. ಇಷ್ಟು ಉದ್ದ ಯಾಕೆ? ಈ ಬ್ಯಾಂಡ್‌ನ ಕಥೆ ಹೇಳಿ.

ಉತ್ತರ: ಮೊದಲು ಉದ್ದದ ವಿಷಯ ಹೇಳಿಬಿಡುತ್ತೇನೆ. ಇದು ಕುಳಿತು ಕೇಳಲು ಮಾಡಿದ ಸಂಗೀತ ಅಲ್ಲ, ಕುಣಿಯಲು ಮಾಡಿದ್ದು. ಕಾಂಗೋದ ರುಂಬಾ ಹಾಡಿಗೆ ಎರಡು ಭಾಗ. ಮೊದಲಿನದು ನಿಧಾನ. ಗಾಯಕ ಕಥೆ ಹೇಳುತ್ತಾನೆ, ಜೋಡಿಗಳು ಹತ್ತಿರ ನಿಂತು ಮೆಲ್ಲಗೆ ಹೆಜ್ಜೆ ಹಾಕುತ್ತವೆ. ಎರಡನೆಯದಕ್ಕೆ ಸೆಬೆನೆ ಎನ್ನುತ್ತಾರೆ. ಅಲ್ಲಿ ಗಿಟಾರ್‌ಗಳು ಒಂದು ಚಿಕ್ಕ ಸ್ವರಗುಚ್ಛ ಹಿಡಿದು ಸುತ್ತತೊಡಗುತ್ತವೆ, ವೇಗ ಏರುತ್ತದೆ, ಕುಣಿಯುವವರಿಗೆ ನಿಜವಾದ ಕೆಲಸ ಶುರುವಾಗುತ್ತದೆ. ಹಳೆಯ 45 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಮೂರೋ ನಾಲ್ಕೋ ನಿಮಿಷ ಮಾತ್ರ ಹಿಡಿಯುತ್ತಿತ್ತು. ಎಷ್ಟೋ ಹಾಡುಗಳನ್ನು ಅರ್ಧಕ್ಕೆ ನಿಲ್ಲಿಸಿ ತಟ್ಟೆ ಮಗುಚಬೇಕಿತ್ತು. ಹೆಚ್ಚು ಹೊತ್ತು ಹಿಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಆ ಕಾಟ ತಪ್ಪಿತು. ರಾತ್ರಿ ಬಾರ್‌ನಲ್ಲಿ ನುಡಿಸುವಷ್ಟೇ ಉದ್ದಕ್ಕೆ ಸ್ಟುಡಿಯೊದಲ್ಲೂ ನುಡಿಸಿದರು.

ಇನ್ನು ಬ್ಯಾಂಡ್. 1956ರ ಜೂನ್. ಇವತ್ತಿನ ಕಿನ್ಶಾಸಾ ಆಗ ಲಿಯೊಪೋಲ್ಡ್‌ವಿಲ್, ಬೆಲ್ಜಿಯಂನವರ ಆಳ್ವಿಕೆ. ಆಸ್ಕರ್ ಕಾಶಾಮಾ ಎಂಬುವರ ಬಾರ್‌ನಲ್ಲಿ ಒಂದಷ್ಟು ಹುಡುಗರು ಸೇರಿ ತಂಡ ಕಟ್ಟಿದರು. ಮಾಲೀಕರ ಹೆಸರಿನ ಮೊದಲಕ್ಷರಗಳೇ ಓಕೆ. ಗಾಯಕ ವಿಕ್ಕಿ ಲೊಂಗೊಂಬಾ, ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಊದುವ ಜ್ಯಾನ್ ಸರ್ಜ್ ಎಸ್ಸೂ, ಡೋಲಿಗೆ ಸಾಟರ್ನಿನ್ ಪಾಂದಿ. ಗಿಟಾರ್‌ಗೆ ಇನ್ನೂ 18 ತುಂಬದ ಫ್ರಾಂಕೊ. ಅದೇ ವರ್ಷ ಅವರು ಹಾಡಿದ ಒಂದು ಸಾಲು ಬ್ಯಾಂಡ್‌ನ ಘೋಷಣೆಯೇ ಆಯಿತು: ಒಳಗೆ ಬರುವಾಗ ಓಕೆ, ಹೊರಗೆ ಹೋಗುವಾಗ ಕೆಓ. ಬಾಕ್ಸಿಂಗ್‌ನಲ್ಲಿ ಹೊಡೆತ ತಿಂದು ಬೀಳುತ್ತಾರಲ್ಲ, ಆ ಕೆಓ.

ಫ್ರಾಂಕೊ ಹುಟ್ಟಿದ್ದು 1938ರಲ್ಲಿ, ಸೋನಾ ಬಾಟಾದಲ್ಲಿ. ಪೂರ್ತಿ ಹೆಸರು ಫ್ರಾನ್ಸ್ವಾ ಲುವಾಂಬೊ ಮಾಕಿಯಾಡಿ. ಅಪ್ಪ ರೈಲ್ವೆಯಲ್ಲಿ ದುಡಿಯುತ್ತಿದ್ದವರು, ಬೇಗ ತೀರಿಕೊಂಡರು. ಅಮ್ಮ ನ್ಗಿರಿ-ನ್ಗಿರಿ ಮಾರುಕಟ್ಟೆಯಲ್ಲಿ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದರು. ಮಗ ಕೈಯಾರೆ ಮಾಡಿಕೊಂಡ ಗಿಟಾರ್ ನುಡಿಸಿ ಗಿರಾಕಿಗಳನ್ನು ಕರೆಯುತ್ತಿದ್ದ. 15ನೇ ವಯಸ್ಸಿಗೆ ಒಬ್ಬ ಗ್ರೀಕ್ ವ್ಯಾಪಾರಿಯ ಲೋನಿಂಗಿಸಾ ಸ್ಟುಡಿಯೊ ಸೇರಿದ. ‘ಫ್ರಾಂಕೊ’ ಎಂಬ ಹೆಸರು ಕೊಟ್ಟದ್ದು ಅಲ್ಲಿನ ಹಿರಿಯ ಗಿಟಾರ್ ವಾದಕ ಆಂರಿ ಬೊವಾನೆ.

ಆದರೆ ಫ್ರಾಂಕೊ ಒಬ್ಬರ ಕಥೆಯನ್ನೇ ಓಕೆ ಜಾಝ್‌ನ ಕಥೆ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಇದು ಬಂದವರ, ಹೋದವರ ಬ್ಯಾಂಡ್. ಎಸ್ಸೂ ಮತ್ತು ಪಾಂದಿ ನದಿಯಾಚೆಯ ಬ್ರಾಜಾವಿಲ್‌ಗೆ, ಅಂದರೆ ಇನ್ನೊಂದು ಕಾಂಗೋದ ರಾಜಧಾನಿಗೆ, ಹಿಂತಿರುಗಿದರು. 1959ರಲ್ಲಿ ಅಲ್ಲಿ ಲೆ ಬಂಟೂ ಎಂಬ ಇನ್ನೊಂದು ದೊಡ್ಡ ಬ್ಯಾಂಡ್ ಹುಟ್ಟಿತು. 1960ರ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ಸ್ವಾತಂತ್ರ್ಯದ ಮಾತುಕತೆ ನಡೆಯಿತು. ಎದುರಾಳಿ ಬ್ಯಾಂಡ್ ಆಫ್ರಿಕನ್ ಜಾಝ್‌ನ ಜೋಸೆಫ್ ಕಬಾಸೆಲೆ ಅಲ್ಲಿಗೆ ಹೊರಟಾಗ ವಿಕ್ಕಿಯೂ ಓಕೆ ಜಾಝ್‌ನ ಬ್ರಾಝೋಸ್‌ನೂ ಜೊತೆಗೆ ಹೋದರು. ‘ಇಂಡಿಪೆಂಡೆನ್ಸ್ ಚಾ ಚಾ’ ಎಂಬ ಆ ಕಾಲದ ಹಾಡಿನಲ್ಲಿ ಹೀಗೆ ಓಕೆ ಜಾಝ್‌ನವರ ಪಾಲೂ ಇದೆ. ಸ್ಯಾಕ್ಸೊಫೋನ್ ವಾದಕ ವರ್ಕಿಸ್ 1969ರಲ್ಲಿ ಬಿಟ್ಟುಹೋಗಿ ತನ್ನದೇ ತಂಡ ಕಟ್ಟಿದರು. ಮರುವರ್ಷ ಫ್ರಾಂಕೊನ ತಮ್ಮ, ತಾನೂ ಹೆಸರಾಂತ ಗಿಟಾರ್ ವಾದಕನಾಗಿದ್ದ ಬಾವೋನ್ ಮಾರಿ-ಮಾರಿ ಕಾರು ಅಪಘಾತದಲ್ಲಿ ಸತ್ತ. ಫ್ರಾಂಕೊ ಸ್ವಲ್ಪ ಕಾಲ ನುಡಿಸುವುದನ್ನೇ ನಿಲ್ಲಿಸಿದರು. ಅಷ್ಟೆಲ್ಲ ಆದರೂ ಬ್ಯಾಂಡ್ ಬೆಳೆಯಿತು. 1970ರ ದಶಕದ ಕೊನೆಯ ಹೊತ್ತಿಗೆ 30ಕ್ಕೂ ಜಾಸ್ತಿ ಜನ. ಹೆಸರಿನ ಮೊದಲಿಗೆ ಟಿಪಿ ಬಂತು, ಫ್ರೆಂಚ್‌ನಲ್ಲಿ ಸರ್ವಶಕ್ತ ಎಂದು.

ಇಷ್ಟು ಜನರನ್ನು ಹಿಡಿದಿಟ್ಟದ್ದು ಸಿಮಾರೊ ಲುಟುಂಬಾ ಎಂದೇ ನನ್ನ ನಂಬಿಕೆ. 1961ರಲ್ಲಿ ಸೇರಿದರು, ರಿದಮ್ ಗಿಟಾರ್ ಹಿಡಿದರು, ಫ್ರಾಂಕೊ ಇರುವವರೆಗೂ ಬಿಡಲಿಲ್ಲ. ಜನ ಅವರನ್ನು ‘ಕವಿ’ ಎಂದೇ ಕರೆದರು. ಮುಂದೆ ನಿಂತು ಹಾಡುತ್ತಿದ್ದದ್ದು ಕಡಿಮೆ. ತಾವು ಬರೆದದ್ದಕ್ಕೆ ಸರಿಯಾದ ಗಂಟಲು ಹುಡುಕುವುದೇ ಅವರ ಕೆಲಸ. 1974ರ ‘ಮಾಬೆಲೆ’ಯನ್ನು ಸ್ಯಾಮ್ ಮಂಗ್ವಾನಾಗೆ ಕೊಟ್ಟರು. ಮಣ್ಣು, ಸಾವು, ಮನುಷ್ಯನ ಬದುಕಿನ ಬಗ್ಗೆ ಅದು. ಕುಣಿಯುವ ಜಾಗದಲ್ಲಿ ಸಾವಿನ ಬಗ್ಗೆ ಹಾಡಿ, ಅದನ್ನೇ ಜನಪ್ರಿಯ ಮಾಡಿದವರು ಇವರು. ನನಗೆ ಈ ಬ್ಯಾಂಡ್ ಬೇರೆಲ್ಲಕ್ಕಿಂತ ಇಷ್ಟವಾಗಲು ಅದೇ ಕಾರಣ.

‘ಮಾರಿಯೊ’ 1985ರದು. ಮಾರಿಯೊ ಓದಿದ ಯುವಕ, ದುಡಿಯುವುದಿಲ್ಲ. ತನಗಿಂತ ದೊಡ್ಡ ವಯಸ್ಸಿನ ಹಣವಂತ ಹೆಂಗಸಿನ ಮನೆಯಲ್ಲಿ ಕುಳಿತು ತಿನ್ನುತ್ತಾನೆ. ಅವಳಿಗೆ ಸಾಕಾಗಿದೆ. ನೀವು ಕೇಳಿದ ಮಾತಿನ ಭಾಗ ಫ್ರಾಂಕೊನದು, ಹಾಡು ಮಾಡಿಲು ಸಿಸ್ಟಮ್ ಎಂಬ ಗಾಯಕನದು. ಹಾಡಿನ ಭಾಷೆಯಾದ ಲಿಂಗಾಲ ತಿಳಿದವರಿಗೆ ಅದು ಪಕ್ಕದ ಮನೆಯ ಜಗಳ ಕೇಳಿದಂತೆ. ಇನ್ನೊಮ್ಮೆ ಕೇಳುವಾಗ ಸೆಬೆನೆಯಲ್ಲಿ ಬೇರೆ ಬೇರೆ ಗಿಟಾರ್‌ಗಳನ್ನು ಬಿಡಿಸಿಕೊಳ್ಳಿ. ಕೆಳಗೆ ರಿದಮ್, ಮೇಲೆ ಸೋಲೊ, ಇವೆರಡರ ನಡುವೆ ಒಂದು ಮಿ-ಸೋಲೊ. ಒಂದೊಂದೂ ಸರಳ. ಮೂರೂ ಸೇರಿದಾಗ ಎಲ್ಲಿ ಯಾವುದು ಎಂದು ತಿಳಿಯುವುದಿಲ್ಲ. ಆಫ್ರಿಕನ್ ಜಾಝ್‌ನ ಡಾಕ್ಟರ್ ನಿಕೊ ಇಂಪಾಗಿ ಉದ್ದ ಎಳೆ ಎಳೆದರೆ, ಫ್ರಾಂಕೊ ತುಂಡು ಸ್ವರವನ್ನು ಬೆರಳಿನಿಂದ ಒರಟಾಗಿ ಮೀಟಿ, ಮತ್ತೆ ಮತ್ತೆ ಅದನ್ನೇ ಹೊಡೆಯುತ್ತಿದ್ದರು. ಕಾಂಗೋದ ಗಿಟಾರ್ ವಾದಕರಲ್ಲಿ ಈ ಎರಡು ಮನೆತನಗಳು ಇಂದಿಗೂ ಇವೆ.

ಪ್ರಶ್ನೆ: ಫ್ರಾಂಕೊ ಸರ್ವಾಧಿಕಾರಿ ಮೊಬುಟುವನ್ನು ಹೊಗಳಿ ಹಾಡಿದವರಲ್ವಾ? ಅಂಥವರನ್ನು ಜನ ಯಾಕೆ ಪ್ರೀತಿಸಿದರು?

ಉತ್ತರ: ಹಾಡಿದ್ದು ನಿಜ. 1984ರಲ್ಲಿ ಮೊಬುಟುವೇ ನಮ್ಮ ಅಭ್ಯರ್ಥಿ ಎಂದು ಇಡೀ ಹಾಡೇ ಮಾಡಿದರು. ಅದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಆದರೆ ಅದೇ ಸರ್ಕಾರ 1978ರಲ್ಲಿ, ಅಶ್ಲೀಲ ಹಾಡು ಮಾಡಿದರೆಂದು ಅವರನ್ನು ಜೈಲಿಗೂ ಹಾಕಿತು. ಆ ಮೊಕದ್ದಮೆಯ ಹಿಂದಿದ್ದ ದೊಡ್ಡ ಸರ್ಕಾರಿ ವಕೀಲ ಕೆಂಗೊ ವಾ ಡೊಂಡೊ ಆಮೇಲೆ ಹುದ್ದೆ ಕಳೆದುಕೊಂಡರು. ಫ್ರಾಂಕೊ ಒಬ್ಬ ದರ್ಜಿಯ ಮೇಲೆ ಹಾಡು ಕಟ್ಟಿದರು: ಸೂಜಿಯ ಯಜಮಾನ ಸೂಜಿ ವಾಪಸ್ ತೆಗೆದುಕೊಂಡ, ಇನ್ನು ಯಾವುದರಲ್ಲಿ ಹೊಲಿಯುತ್ತೀಯ? ಯಾರ ಹೆಸರೂ ಇಲ್ಲ. ಎಲ್ಲರಿಗೂ ಅರ್ಥವಾಯಿತು. ಹೀಗೆ ಹೆಸರಿಲ್ಲದೆ ಚುಚ್ಚುವುದಕ್ಕೆ ಲಿಂಗಾಲದಲ್ಲಿ ಎಂಬ್ವಾಕೆಲಾ ಎನ್ನುತ್ತಾರೆ. ಬಾಯಿ ಬಿಡಲು ಹೆದರುತ್ತಿದ್ದ ನಗರಕ್ಕೆ ಆ ಹಾಡುಗಳೇ ಬಾಯಿ. 1987ರಲ್ಲಿ ಏಡ್ಸ್ ಬಗ್ಗೆ ಎಚ್ಚರಿಕೆಯ ಹಾಡನ್ನೂ ಮಾಡಿದರು. ಎಷ್ಟೋ ಸರ್ಕಾರಗಳು ಆ ಹೆಸರು ಹೇಳಲೂ ಹಿಂಜರಿಯುತ್ತಿದ್ದ ಕಾಲ ಅದು. 1989ರ ಅಕ್ಟೋಬರ್ 12ರಂದು ಬೆಲ್ಜಿಯಂನಲ್ಲಿ ತೀರಿಕೊಂಡಾಗ ದೇಶ ನಾಲ್ಕು ದಿನ ಶೋಕ ಆಚರಿಸಿತು.

ಪ್ರಶ್ನೆ: ಬ್ಯಾಂಡ್ ಈಗ ಇದೆಯೇ? ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ಫ್ರಾಂಕೊ ಹೋದ ಮೇಲೆ ಸಿಮಾರೊ ಕೆಲವು ವರ್ಷ ನಡೆಸಿದರು. ಫ್ರಾಂಕೊ ಕುಟುಂಬದ ಜೊತೆ ಹೊಂದಿಕೆಯಾಗದೆ, 1990ರ ದಶಕದಲ್ಲಿ ಬಾನಾ ಓಕೆ ಎಂಬ ಹೆಸರಲ್ಲಿ ಹೊಸ ತಂಡ ಕಟ್ಟಿದರು. 2019ರಲ್ಲಿ ಅವರೂ ತೀರಿಕೊಂಡರು. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಎರಡೂ ಕಾಂಗೋಗಳ ರುಂಬಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಮಾರೊ ಅದನ್ನು ನೋಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮೊದಲು ‘ಅಜ್ದಾ’ ಕೇಳಿ. ಅದು ಫೋಕ್ಸ್‌ವ್ಯಾಗನ್ ಮಾರುವ ಕಂಪನಿಯ ಜಾಹೀರಾತು! ‘ವೇ ವೇ’ ಎಂಬ ಪಲ್ಲವಿ ಕಾರಿನ ಹೆಸರಿನ ಎರಡು ಅಕ್ಷರಗಳೇ, ವಿ ಮತ್ತು ಡಬ್ಲ್ಯೂ. ಸುಮ್ನೆ ಜಾಹೀರಾತು ಎಂದು ಬಿಡಬೇಡಿ, ಆ ಗಿಟಾರ್‌ಗಳು ಅಷ್ಟು ಚೆನ್ನಾಗಿವೆ. ಆಮೇಲೆ ‘ಮಾಬೆಲೆ’. ಅದಕ್ಕೆ ಮಾತ್ರ ಬಿಡುವು ಮಾಡಿಕೊಂಡು ಕುಳಿತುಕೊಳ್ಳಿ. ಅವೆರಡೂ ಹಿಡಿಸಿದರೆ 1956-57ರ ಲೋನಿಂಗಿಸಾ ಹಾಡುಗಳಿಗೆ ಹಿಂದೆ ಹೋಗಿ. ಮೂರು ನಿಮಿಷದ ಪುಟ್ಟ ಹಾಡುಗಳು, ಕ್ಯೂಬಾದ ರೆಕಾರ್ಡ್‌ಗಳ ಪ್ರಭಾವ ಎದ್ದು ಕಾಣುತ್ತದೆ, ಎಸ್ಸೂ ಊದುವುದು ಸ್ಪಷ್ಟವಾಗಿ ಕೇಳಿಸುತ್ತದೆ.